ದಿನ ತುಂಬುವ ಮೊದಲೇ ಹೊಟ್ಟೆ ಬಿಗಿಯುತ್ತಿದ್ದರೆ: ಎಣಿಸುವುದು ಹೇಗೆ, ಆಸ್ಪತ್ರೆಗೆ ಹೊರಡುವುದು ಯಾವಾಗ

ಏಳನೆಯ ತಿಂಗಳ ಆಸುಪಾಸಿನಲ್ಲಿ ಹೊಟ್ಟೆ ಆಗಾಗ ಗಟ್ಟಿಯಾಗಿ ಮತ್ತೆ ಸಡಿಲಗೊಳ್ಳುವುದು ಅನೇಕ ಗರ್ಭಿಣಿಯರಿಗೆ ಸಹಜ. ಆದರೆ 37 ವಾರ ತುಂಬುವ ಮೊದಲು ಈ ಬಿಗಿತ ಒಂದೇ ಸಮನೆ ಮರುಕಳಿಸತೊಡಗಿದರೆ ಅದು ಅವಧಿಪೂರ್ವ ಹೆರಿಗೆಯ ಆರಂಭವೂ ಆಗಿರಬಹುದು. ಸುಳ್ಳು ನೋವೆಂದು ಮನೆಯವರು ತಳ್ಳಿಹಾಕುವುದನ್ನೂ, ಗಾಬರಿಯಿಂದ ಸಿಕ್ಕ ಮಾತ್ರೆ ನುಂಗಿಸುವುದನ್ನೂ ನಾನು ಸಾಕಷ್ಟು ಕಂಡಿದ್ದೇನೆ. ಎರಡೂ ಕಡೆ ನೋವನ್ನು ಯಾರೂ ಸರಿಯಾಗಿ ಎಣಿಸಿರುವುದಿಲ್ಲ.

ಮೊದಲು, ಎಣಿಕೆಗೆ ಕೂರಬಾರದ ಸಂದರ್ಭಗಳನ್ನು ತಿಳಿದಿರಬೇಕು. ರಕ್ತ ಕಂಡರೆ, ನೀರು ಸೋರಿದರೆ, ಜ್ವರವಿದ್ದರೆ, ಮಗುವಿನ ಚಲನೆ ಕಡಿಮೆಯಾದರೆ ಅಥವಾ ಹೊಟ್ಟೆ ಸಡಿಲವಾಗದೆ ನೋಯುತ್ತಲೇ ಇದ್ದರೆ ತಕ್ಷಣ ಹೊರಡಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು.

ಇವು ಯಾವುವೂ ಇಲ್ಲವೆಂದಾದರೆ ಮೂತ್ರ ವಿಸರ್ಜಿಸಿ, ಎರಡು ಲೋಟ ನೀರು ಕುಡಿದು, ಎಡಮಗ್ಗುಲಿಗೆ ಮಲಗಿ.

ಬಹುತೇಕರು ತಪ್ಪುವುದು ಮುಂದಿನ ಹಂತದಲ್ಲಿ. ನೋವಿಗಾಗಿ ಕಾಯಬೇಡಿ, ಏಕೆಂದರೆ ಬೇಗ ಬರುವ ಬಿಗಿತ ಎಷ್ಟೋ ವೇಳೆ ನೋಯುವುದೇ ಇಲ್ಲ. ಬೆರಳ ತುದಿಗಳನ್ನು ಹೊಕ್ಕುಳಿನ ಮೇಲ್ಭಾಗದಲ್ಲಿ ಹಗುರವಾಗಿ ಊರಿ. ಬಿಗಿತ ಬಂದಾಗ ಹೊಟ್ಟೆಯೆಲ್ಲ ಹಣೆಯಷ್ಟು ಗಟ್ಟಿಯಾಗುತ್ತದೆ. ಒಂದು ಬದಿ ಮಾತ್ರ ಉಬ್ಬಿ ಜಾರಿದರೆ ಅದು ಬಹುಶಃ ಮಗು ಹೊರಳಿದ್ದು. ಗಟ್ಟಿಯಾದ ಕ್ಷಣದ ಸಮಯವನ್ನು ಕಾಗದದ ಮೇಲೆ ಬರೆದು, ಸಡಿಲಗೊಳ್ಳುವವರೆಗೆ ಎಷ್ಟು ಸೆಕೆಂಡ್ ಹಿಡಿಯಿತೆಂಬುದನ್ನು ಪಕ್ಕದಲ್ಲಿ ಗುರುತಿಸಿ. ಅಂತರವನ್ನು ಒಂದರ ಆರಂಭದಿಂದ ಮುಂದಿನದರ ಆರಂಭದವರೆಗೆ ಎಣಿಸಬೇಕೇ ಹೊರತು, ಒಂದು ಮುಗಿದಲ್ಲಿಂದ ಇನ್ನೊಂದರವರೆಗೆ ಅಲ್ಲ. 3.10ಕ್ಕೆ ಒಂದು, 3.19ಕ್ಕೆ ಇನ್ನೊಂದು ಆರಂಭವಾದರೆ ಅಂತರ 9 ನಿಮಿಷ, ಮೊದಲನೆಯದು ಎಷ್ಟೇ ಹೊತ್ತು ಇದ್ದಿರಲಿ. ಮೊಬೈಲ್ ಆ್ಯಪ್‌ಗಳಿಗಿಂತ ಗೋಡೆ ಗಡಿಯಾರ ಮತ್ತು ಪೆನ್ನೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಆ್ಯಪ್‌ಗಳಲ್ಲಿ ಬಹಳಷ್ಟು ದಿನ ತುಂಬಿದವರಿಗಾಗಿ ಮಾಡಿದವು, ಅವಸರವಿಲ್ಲವೆಂದು ಅವು ಹೇಳುವ ಮಾತು ಏಳನೆಯ ತಿಂಗಳಿಗೆ ಒಪ್ಪುವುದಿಲ್ಲ.

ಒಂದು ಗಂಟೆಯಲ್ಲಿ ಆರು ಅಥವಾ ಹೆಚ್ಚು ಬಂದರೆ, ಇಲ್ಲವೇ ಹತ್ತು ನಿಮಿಷಕ್ಕೊಮ್ಮೆ ಬರುತ್ತಿದ್ದರೆ ಹೊರಡಿ. ಗಂಟೆ ತುಂಬುವ ಮೊದಲೇ ಅಂತರ ಕುಗ್ಗುತ್ತಿರುವುದು ಕಂಡರೆ ಗಂಟೆಗಾಗಿ ಕಾಯಬೇಡಿ. ಎಣಿಕೆ ಕಡಿಮೆಯಿದ್ದರೂ ಸೊಂಟದ ಕೆಳಗೆ ಮಂದ ನೋವು, ಕೆಳಹೊಟ್ಟೆಗೆ ಒತ್ತಿದಂತಾಗುವುದು ಅಥವಾ ಬಿಳಿಸೆರಗು ಹೆಚ್ಚಾಗುವುದು ಜೊತೆಗಿದ್ದರೆ ಆಗಲೇ ವೈದ್ಯರಿಗೆ ಫೋನ್ ಮಾಡಿ. ಜೀರಿಗೆ ಕಷಾಯ ಕುಡಿಸಿ ನಿಜ ನೋವೋ ಸುಳ್ಳು ನೋವೋ ನೋಡೋಣವೆಂಬ ಹಿರಿಯರ ಕ್ರಮ ಇಲ್ಲಿ ಬೇಡ. ಅಮೂಲ್ಯವಾದ ಗಂಟೆಗಳು ಅದರಲ್ಲೇ ಕಳೆದುಹೋಗುತ್ತವೆ. ಹರಳೆಣ್ಣೆಯಂತೂ ನೋವನ್ನು ಕೆರಳಿಸಬಲ್ಲದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಗಳೂ ಬೇಡ. ಐಬುಪ್ರೊಫೇನ್ ಜಾತಿಯವು ಈ ಹಂತದಲ್ಲಿ ಮಗುವಿನ ಹೃದಯಕ್ಕೂ ಮೂತ್ರಪಿಂಡಕ್ಕೂ ಹಾನಿಕರ.

ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ ಮತ್ತು ಬರೆದ ಕಾಗದ ಒಂದೇ ಚೀಲದಲ್ಲಿರಲಿ. ಆಸ್ಪತ್ರೆಯಲ್ಲಿ ಸೋಂಕಿಗಾಗಿ ಮೂತ್ರ ಪರೀಕ್ಷಿಸುತ್ತಾರೆ, ಗರ್ಭಕಂಠ ತೆರೆದಿದೆಯೇ, ಅದರ ಉದ್ದ ಕುಗ್ಗಿದೆಯೇ ಎಂದು ನೋಡುತ್ತಾರೆ. 24ರಿಂದ 34 ವಾರಗಳ ನಡುವೆ ಹೆರಿಗೆ ಬೇಗ ಆಗುವ ಸಂಭವವಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಡೆಕ್ಸಾಮೆಥಸೋನ್ ಆದರೆ 12 ಗಂಟೆಗೊಮ್ಮೆ ನಾಲ್ಕು ಡೋಸ್. ತಡ ಮಾಡಬೇಡಿ ಎಂದು ಇಷ್ಟು ಒತ್ತಿ ಹೇಳುವುದು ಈ ಚುಚ್ಚುಮದ್ದಿಗಾಗಿಯೇ, ಏಕೆಂದರೆ ಅದಕ್ಕೆ ಕೆಲಸ ಮಾಡಲು ಸಮಯ ಬೇಕು. ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಆರನೆಯ ತಿಂಗಳಲ್ಲೇ ವಿಚಾರಿಸಿಡಿ.

ಎಲ್ಲ ವರದಿಗಳೂ ಸರಿಯಿದ್ದು ಕಾರಣವೇ ಸಿಗದೆ ಮನೆಗೆ ಮರಳುವವರು ಬಹಳ ಮಂದಿ, ಅವರಲ್ಲಿ ಹೆಚ್ಚಿನವರಿಗೆ ಆಗಲೇ ಹೆರಿಗೆಯಾಗುವುದೂ ಇಲ್ಲ. ಹಾಗೆಂದು ಅವರನ್ನು ಮಂಚಕ್ಕೆ ಕಟ್ಟಿಹಾಕಬೇಡಿ. ಪೂರ್ಣ ವಿಶ್ರಾಂತಿಯಿಂದ ಅವಧಿಪೂರ್ವ ಹೆರಿಗೆ ತಪ್ಪುತ್ತದೆಂಬುದಕ್ಕೆ ಆಧಾರವಿಲ್ಲ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ವೈದ್ಯರು ಬೇಡವೆನ್ನದಿದ್ದರೆ ಮನೆಯೊಳಗಿನ ಹಗುರ ಓಡಾಟ ಸಾಕು. ಬಿಗಿತ ಮತ್ತೆ ಬಂದರೆ, ಮೊನ್ನೆಯಷ್ಟೇ ಹೋಗಿಬಂದೆವಲ್ಲ ಎಂದು ಸಂಕೋಚಪಡದೆ ಪುನಃ ಮೊದಲಿನಿಂದ ಎಣಿಸಿ, ಅದೇ ಲೆಕ್ಕ ಬಂದರೆ ಮತ್ತೆ ಹೊರಡಿ.