ನ್ಯೂರೋಸೈನ್ಸ್ ಓದಿ ಕಂಪನಿ ಕೆಲಸ ಹಿಡಿಯುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಮಕ್ಕಳು ಬಿಎಸ್ಸಿ ಮುಗಿಸಿ, ದೂರದ ಊರಲ್ಲಿ ನ್ಯೂರೋಸೈನ್ಸ್ (ಮೆದುಳು, ನರಗಳ ವಿಜ್ಞಾನ) ಎಂಎಸ್ಸಿ ಮಾಡಿ ಬಂದರೆ ಮನೆಯವರ ಮೊದಲ ಪ್ರಶ್ನೆ, "ಹಂಗಾದ್ರ ನೀ ಡಾಕ್ಟರ್ ಏನು?" ಅಲ್ಲ ಅಂದರೆ, "ಮತ್ತ ಲೆಕ್ಚರರ್ ಆಗ್ತೀಯೇನು?" ಇವೆರಡೂ ಅಲ್ಲದ ದಾರಿ ಇದೆ. ಪಿಎಚ್‌ಡಿ ಇಲ್ಲದೆಯೂ ಹಿಡಿಯಬಹುದಾದ ದಾರಿ.

ಮೊದಲನೆಯದು, ಹುಡುಕುವ ರೀತಿ ಬದಲಿಸಿ. "ನ್ಯೂರೋಸೈನ್ಸ್ ಓದಿದವರು ಬೇಕು" ಅಂತ ಕಂಪನಿಗಳು ಜಾಹೀರಾತು ಕೊಡುವುದು ತೀರಾ ಕಡಿಮೆ. ಡೇಟಾ ಅನಲಿಸ್ಟ್, ಕ್ಲಿನಿಕಲ್ ರಿಸರ್ಚ್ ಅಸೋಸಿಯೇಟ್ (ಔಷಧ ಪರೀಕ್ಷೆಗಳ ಮೇಲೆ ಕಣ್ಣಿಡುವವರು), ಮೆಡಿಕಲ್ ರೈಟರ್, ಅಪ್ಲಿಕೇಶನ್ ಸ್ಪೆಷಲಿಸ್ಟ್ (ವೈದ್ಯಕೀಯ ಯಂತ್ರ ಬಳಸುವುದನ್ನು ಆಸ್ಪತ್ರೆಯವರಿಗೆ ತೋರಿಸಿಕೊಡುವವರು) ಅಂತ ಕೆಲಸದ ಹೆಸರಲ್ಲೇ ಹುಡುಕಬೇಕು. ಓದುವಾಗ ನಿಮಗೆ ಯಾವುದು ಬೇಸರವಿಲ್ಲದೆ ಸಾಗುತ್ತಿತ್ತು? ಕೋಡ್ ಬರೆಯುವುದಾ, ರೋಗಿಗಳ ಜೊತೆ ಮಾತಾಡುವುದಾ, ಬರವಣಿಗೆಯಾ? ಅದರ ಮೇಲೆ ಒಂದನ್ನು ಆರಿಸಿ. ನಾಲ್ಕಕ್ಕೂ ಒಂದೇ ರೆಸ್ಯೂಮೆ ಕಳಿಸಿದರೆ ಯಾರೂ ಕರೆಯುವುದಿಲ್ಲ.

ಎರಡನೆಯದೇ ಮುಖ್ಯ. ತೋರಿಸಲು ಒಂದು ಕೆಲಸ ಮಾಡಿಟ್ಟುಕೊಳ್ಳಿ. ಇದಕ್ಕೆ ಲ್ಯಾಬ್ ಬೇಕಿಲ್ಲ, ಒಂದು ಲ್ಯಾಪ್‌ಟಾಪ್, ಇಂಟರ್‌ನೆಟ್ ಇದ್ದರೆ ಸಾಕು, ಸಿಂಧನೂರಲ್ಲೋ ಗಂಗಾವತಿಯಲ್ಲೋ ಮನೆಯಲ್ಲೇ ಕೂತು ಮಾಡಬಹುದು. ಫಿಸಿಯೋನೆಟ್ ಜಾಲತಾಣದಲ್ಲಿ 109 ಜನರ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ ಉಚಿತವಾಗಿ ಸಿಗುತ್ತದೆ. ತಲೆಗೆ 64 ಎಲೆಕ್ಟ್ರೋಡ್ ಹಚ್ಚಿ, ಸೆಕೆಂಡಿಗೆ 160 ಸಲ ಅಳೆದದ್ದು. ಒಂದು ನಿಮಿಷ ಕಣ್ಣು ತೆರೆದು, ಇನ್ನೊಂದು ನಿಮಿಷ ಕಣ್ಣು ಮುಚ್ಚಿ ಕೂತ ಭಾಗಗಳೂ ಅದರಲ್ಲಿವೆ. ಪೈಥಾನ್ ಕೋಡಿಂಗ್ ಭಾಷೆಯಲ್ಲಿ ಇಇಜಿ ವಿಶ್ಲೇಷಣೆಗೆಂದೇ ಇರುವ ಎಂಎನ್‌ಇ ಲೈಬ್ರರಿಯಲ್ಲಿ ತೆರೆದು ತಲೆಯ ಹಿಂಭಾಗದ ಎಲೆಕ್ಟ್ರೋಡ್‌ಗಳನ್ನು ನೋಡಿ. ಕಣ್ಣು ಮುಚ್ಚಿದಾಗ 10 ಹರ್ಟ್ಸ್ ಆಸುಪಾಸು, ಅಂದರೆ ಸೆಕೆಂಡಿಗೆ ಹತ್ತು ಸಲದಂತೆ ಏರಿಳಿಯುವ ಆಲ್ಫಾ ಅಲೆ ಏಳುತ್ತದೆ, ತೆರೆದಾಗ ಕುಗ್ಗುತ್ತದೆ. ಹ್ಯಾನ್ಸ್ ಬರ್ಗರ್ ಮನುಷ್ಯರ ಇಇಜಿ ಬಗ್ಗೆ ಮೊದಲ ಲೇಖನ ಪ್ರಕಟಿಸಿದ್ದು 1929ರಲ್ಲಿ, ಆ ಕಾಲದಿಂದ ಗೊತ್ತಿರುವ ಸಂಗತಿ ಇದು. ಗೊತ್ತಿರುವುದನ್ನೇ ಮಾಡುವುದು ಒಳ್ಳೆಯದು, ಯಾಕೆಂದರೆ ಅದು ಕಾಣದಿದ್ದರೆ ನಿಮ್ಮ ಕೋಡ್ ತಪ್ಪಿದೆ ಅಂತ ತಕ್ಷಣ ಅನುಮಾನ ಬರುತ್ತದೆ. ಕೆಲವರಲ್ಲಿ ಆಲ್ಫಾ ತುಂಬಾ ಕ್ಷೀಣ, ಹಾಗಾಗಿ ಒಬ್ಬರದನ್ನೇ ನೋಡಿ ನಿಲ್ಲಿಸಬೇಡಿ.

ಇನ್ನೊಂದು ವಿಷಯ ಗಮನಿಸಿ. ಈ ದಾಖಲೆ ಅಮೆರಿಕದ್ದು, ಅಲ್ಲಿನ ಕರೆಂಟ್ 60 ಹರ್ಟ್ಸ್, ನಮ್ಮದು 50. ರೂಢಿಯಂತೆ 50ಕ್ಕೆ ಫಿಲ್ಟರ್ ಹಾಕಿದರೆ ಕರೆಂಟಿನಿಂದ ದಾಖಲೆಗೆ ಸೇರಿದ ಗದ್ದಲ ಹಾಗೇ ಉಳಿಯುತ್ತದೆ. ಸಂದರ್ಶನದಲ್ಲಿ "ಇದನ್ನು ಯಾಕೆ ಹೀಗೆ ಮಾಡಿದಿರಿ?" ಅಂತ ಕೇಳುವುದು ಇಂಥ ಜಾಗದಲ್ಲೇ. ಉತ್ತರ ಗೊತ್ತಿರುವವರು, ಸುಮ್ನೆ ಕೋಡ್ ನಕಲು ಮಾಡಿದವರು ಯಾರು ಅಂತ ಅಲ್ಲೇ ತಿಳಿದುಬಿಡುತ್ತದೆ. ಕೋಡನ್ನು ಎಲ್ಲರೂ ನೋಡುವಂತೆ ಗಿಟ್‌ಹಬ್ ಜಾಲತಾಣಕ್ಕೆ ಹಾಕಿ, ಏನು ಮಾಡಿದಿರಿ ಅಂತ ಒಂದು ಪುಟ ಬರೆದಿಡಿ.

ಕ್ಲಿನಿಕಲ್ ಟ್ರಯಲ್, ಅಂದರೆ ಜನರ ಮೇಲೆ ನಡೆಯುವ ಚಿಕಿತ್ಸೆಯ ಪರೀಕ್ಷೆಗಳ ಕಡೆ ಹೋಗುವವರಿಗೆ ಬೇರೆ ತಯಾರಿ. ಗುಡ್ ಕ್ಲಿನಿಕಲ್ ಪ್ರಾಕ್ಟೀಸ್ (ಟ್ರಯಲ್ ನಡೆಸುವ ನಿಯಮಗಳು) ತರಬೇತಿ ಆನ್‌ಲೈನ್‌ನಲ್ಲಿ ಉಚಿತವಾಗಿಯೇ ಸಿಗುತ್ತದೆ. ಕೆಲಸ ಗ್ಯಾರಂಟಿ ಅಂತ ಲಕ್ಷಗಟ್ಟಲೆ ಕೇಳುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ, ಹೊಲ ಅಡ ಇಟ್ಟಂತೂ ಬೇಡವೇ ಬೇಡ. ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ) ಜಾಲತಾಣದಲ್ಲಿ ದೇಶದ ಟ್ರಯಲ್‌ಗಳ ವಿವರ ಇದೆ, 2009ರಿಂದ ನೋಂದಣಿ ಕಡ್ಡಾಯ. ಅಲ್ಲಿ ಮೂರ್ಛೆರೋಗ, ಪಾರ್ಶ್ವವಾಯು, ಪಾರ್ಕಿನ್ಸನ್ ಅಂತ ಹುಡುಕಿ, ಯಾವ ಕಂಪನಿ ಯಾವ ಆಸ್ಪತ್ರೆಯಲ್ಲಿ ಏನು ನಡೆಸುತ್ತಿದೆ ಅಂತ ಪಟ್ಟಿ ಮಾಡಿ. ಅರ್ಜಿ ಎಲ್ಲಿಗೆ ಹಾಕಬೇಕು ಅನ್ನುವುದು ಆ ಪಟ್ಟಿಯಲ್ಲೇ ಸಿಗುತ್ತದೆ.

ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಊರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಹೋಗಿ ವಿಚಾರಿಸಿ, ಅನುಮತಿ ಸಿಕ್ಕರೆ ಇಇಜಿ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿ. ರೋಗಿ ಕಣ್ಣು ಮಿಟುಕಿಸಿದರೆ ಹಣೆ ಹತ್ತಿರದ ಗೆರೆ ಹೇಗೆ ಜಿಗಿಯುತ್ತದೆ ಅಂತ ಒಮ್ಮೆ ನೋಡಿದವರಿಗೆ ಮರೆಯುವುದಿಲ್ಲ. ಯಂತ್ರ ಮಾರುವ ಕಂಪನಿಯ ಅಪ್ಲಿಕೇಶನ್ ಸ್ಪೆಷಲಿಸ್ಟ್ ಕೆಲಸಕ್ಕೆ ಈ ಅನುಭವ ನೇರವಾಗಿ ಬೇಕಾಗುತ್ತದೆ. ಕನ್ನಡ, ತೆಲುಗು, ಹಿಂದಿ ಮೂರೂ ಬರುವುದು ನಮ್ಮ ಕಡೆಯವರಿಗೆ ಮಾಮೂಲಿ ಅಲ್ವಾ? ಆಸ್ಪತ್ರೆಗಳಲ್ಲಿ ತಿರುಗುವ ಕೆಲಸಕ್ಕೆ ಅದು ದೊಡ್ಡ ಅರ್ಹತೆ. ರೆಸ್ಯೂಮೆಯಲ್ಲಿ ಮೇಲೆಯೇ ಬರೆಯಿರಿ.

ಕೊನೆಗೆ, ಆಫರ್ ಕೈಗೆ ಬರುವ ಮೊದಲೇ ಬೆಂಗಳೂರಲ್ಲಿ ಪಿಜಿ ಹಿಡಿದು ಬಾಡಿಗೆ ಕಟ್ಟುತ್ತಾ ಕೂರಬೇಡಿ. ಮೊದಲ ಸುತ್ತು ಈಗ ಹೆಚ್ಚಾಗಿ ಆನ್‌ಲೈನ್. ಎದುರಿಗೆ ಕರೆದರೆ ಕೊಪ್ಪಳ, ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಯಬಹುದು. ಇಂಟರ್‌ನೆಟ್ ಇಲ್ಲದೆಯೂ ನಿಮ್ಮ ಕೋಡ್ ಓಡುವಂತೆ ಲ್ಯಾಪ್‌ಟಾಪ್‌ನಲ್ಲೇ ದಾಖಲೆಗಳನ್ನು ಇಳಿಸಿಟ್ಟುಕೊಂಡು ಹೋಗಿ.