ಒಂದೇ ಬಾವಿ, ಎರಡು ಪಂಪು: ಮನೆಗೂ ತೋಟಕ್ಕೂ ನೀರು ಹಂಚುವುದು ಹೇಗೆ?

ಶಿರಸಿ ಕಡೆ ಮಳೆಗಾಲದಲ್ಲಿ ತುಂಬಿ ನಿಲ್ಲುವ ಬಾವಿ ಏಪ್ರಿಲ್ ಬಂತೆಂದರೆ ತಳ ತೋರಿಸುತ್ತದೆ. ಅಡಿಕೆ ತೋಟಕ್ಕೆ ನೀರು ಜಾಸ್ತಿ ಬೇಕಾಗುವುದೂ ಆಗಲೇ. ‘ಬೆಳಗ್ಗೆ ಮನೆಗೆ, ರಾತ್ರಿ ತೋಟಕ್ಕೆ’ ಎಂದು ಹೊತ್ತು ಗೊತ್ತು ಮಾಡಿಕೊಂಡರೆ ಸಾಕು ಅಂತ ಹಲವರು ತಿಳಿಯುತ್ತಾರೆ. ಆದರೆ ತ್ರೀ ಫೇಸ್ ಕರೆಂಟು ನಮ್ಮ ಮಾತು ಕೇಳಬೇಕಲ್ವಾ? ಅದು ನಡುರಾತ್ರಿ ಬಂದರೆ ಆಟೋ ಸ್ಟಾರ್ಟರ್ ತಾನೇ ಪಂಪು ಶುರು ಮಾಡುತ್ತದೆ. ಬೆಳಗಾದರೆ ಬಚ್ಚಲ ಹಂಡೆಗೆ ನೀರಿಲ್ಲ. ಹಂಚಿಕೆ ಬಾವಿಯೊಳಗೇ ಆಗಬೇಕು.

ಲೆಕ್ಕ ಹಾಕಿ

10 ಅಡಿ ಅಗಲದ ದುಂಡು ಬಾವಿಯಲ್ಲಿ ಒಂದಡಿ ನೀರೆಂದರೆ ಸುಮಾರು 2,200 ಲೀಟರ್. ಐದು ಜನ, ಕೊಟ್ಟಿಗೆಯಲ್ಲಿ ಎರಡು ಹಸು ಇದ್ದರೆ ದಿನಕ್ಕೆ 1,000 ಲೀಟರ್ ಹಿಡಿಯಿರಿ. ಅರ್ಧ ಅಡಿಯೂ ಆಗಲಿಲ್ಲ. 500 ಅಡಿಕೆ ಮರಕ್ಕೆ ಡ್ರಿಪ್‌ನಲ್ಲಿ ತಲಾ 16ರಿಂದ 20 ಲೀಟರ್ ಕೊಟ್ಟರೆ 8,000ದಿಂದ 10,000 ಲೀಟರ್, ಅಂದರೆ ನಾಲ್ಕಡಿ ಆಸುಪಾಸು.

ಇನ್ನು ಒರತೆ. ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಡಿ. ತೋಟದ ಪಂಪು ನಿಲ್ಲಿಸಿದ ಕೂಡಲೇ ಒಮ್ಮೆ, ಎರಡು ತಾಸು ಬಿಟ್ಟು ಇನ್ನೊಮ್ಮೆ ಅಳೆಯಿರಿ. ನಡುವೆ ಮನೆಯ ಪಂಪೂ ಬಂದ್ ಇರಲಿ. ಅರ್ಧ ಅಡಿ ಏರಿತೋ, ತಾಸಿಗೆ 550 ಲೀಟರ್ ಬಂದಂತಾಯಿತು. ಹಾಗಂತ 24ರಿಂದ ಗುಣಿಸಿ ಖುಷಿಪಡಬೇಡಿ. ನೀರು ಏರಿದಂತೆಲ್ಲ ಒರತೆ ನಿಧಾನವಾಗುತ್ತದೆ.

ಫುಟ್‌ವಾಲ್ವ್ ಎಲ್ಲಿ ಕೂರಿಸಬೇಕು?

ಫುಟ್‌ವಾಲ್ವ್ ಅಂದರೆ ಬಾವಿಗೆ ಇಳಿಸಿದ, ನೀರೆಳೆಯುವ (ಸಕ್ಷನ್) ಪೈಪಿನ ತುದಿಯ ವಾಲ್ವ್. ನೀರನ್ನು ಒಳಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಅದನ್ನು ಎಷ್ಟು ಎತ್ತರದಲ್ಲಿ ಕೂರಿಸುತ್ತೀರಿ ಎಂಬುದೇ ಮುಖ್ಯ ಕೆಲಸ. ಮನೆ ಪಂಪಿನ ಫುಟ್‌ವಾಲ್ವ್ ತಳದಿಂದ ಒಂದೂವರೆ ಅಡಿ ಮೇಲಿರಲಿ, ಇಲ್ಲದಿದ್ದರೆ ಕೆಸರು ಎಳೆಯುತ್ತದೆ. ತೋಟದ್ದು ಅದಕ್ಕಿಂತ ಎರಡಡಿ ಮೇಲೆ. ತೋಟದ ಪಂಪು ಎಷ್ಟೇ ಓಡಲಿ, ಈ ಎರಡಡಿಯ 4,400 ಲೀಟರ್ ಮುಟ್ಟಲಾರದು. ಒರತೆ ಪೂರಾ ನಿಂತರೂ ಮನೆಗೆ ನಾಲ್ಕು ದಿನ ಸಾಗುತ್ತದೆ.

ಆದರೆ ನೀರು ಸಿಗದೆ ಗಾಳಿ ಎಳೆಯುವ ಪಂಪಿನ ಸೀಲ್ ಸುಟ್ಟುಹೋಗುತ್ತದೆ. ಅದಕ್ಕೇ ತೋಟದ ಫುಟ್‌ವಾಲ್ವಿಗಿಂತ ಒಂದಡಿ ಮೇಲಿನ ಮಟ್ಟಕ್ಕೆ ನೀರು ಇಳಿದ ಕೂಡಲೇ ಪಂಪು ಬಂದ್ ಆಗುವಂತೆ ಫ್ಲೋಟ್ ಸ್ವಿಚ್ ಹಾಕಿಸಿ, ಸ್ಟಾರ್ಟರಿಗೆ ಜೋಡಿಸಿ. ವೈರಿಂಗ್ ಎಲೆಕ್ಟ್ರಿಷಿಯನ್ ಕೆಲಸ, ಸುಮ್ನೆ ಸಾಹಸ ಬೇಡ.

ಪೈಪಿನ ಖರ್ಚು ಉಳಿಸಲು ಒಂದೇ ಸಕ್ಷನ್ ಪೈಪಿಗೆ ಟೀ ಹಾಕಿ ಎರಡು ಪಂಪು ಜೋಡಿಸುವವರಿದ್ದಾರೆ. ಬೇಡ. ಒಂದು ಓಡುವಾಗ ಇನ್ನೊಂದರ ಕಡೆಯಿಂದ ಗಾಳಿ ನುಗ್ಗುತ್ತದೆ. ನೀರು 22 ಅಡಿಗಿಂತ ಕೆಳಗಿಳಿಯುವ ಬಾವಿಯಾದರೆ ದಡದ ಮೇಲಿನ ಪಂಪು ತಿಣುಕುತ್ತದೆ, ನೀರಲ್ಲೇ ಮುಳುಗಿ ಓಡುವ ಓಪನ್‌ವೆಲ್ ಸಬ್‌ಮರ್ಸಿಬಲ್ ಪಂಪು ನೋಡಿ.

ಕುಡಿಯುವ ನೀರೂ ಇದೇ ಅಲ್ವಾ?

ಡ್ರಿಪ್ ಮೂಲಕ ಗೊಬ್ಬರ ಬಿಡುವವರು ಪಂಪಿಗೂ ಗೊಬ್ಬರದ ಟ್ಯಾಂಕಿಗೂ ನಡುವೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ಚೆಕ್ ವಾಲ್ವ್ ಹಾಕಲೇಬೇಕು. ಕರೆಂಟು ಹೋದಾಗ ಪೈಪಿನ ನೀರು ಹಿಂದಕ್ಕೆ ಬರುತ್ತದೆ. ಫುಟ್‌ವಾಲ್ವಿನ ವಾಶರ್ ಸವೆದಿದ್ದರೆ ಗೊಬ್ಬರದ ನೀರು ನೇರ ಬಾವಿಗೆ. ಪಂಪಿಗೆ ನೀರು ತುಂಬಿಸುವಾಗಲೂ ಕಾಲುವೆಯ ರಾಡಿ ನೀರು ಹೊಯ್ಯಬೇಡಿ. ಅಡಿಕೆಗೆ ಹೊಡೆಯುವ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣವನ್ನು ಬಾವಿಕಟ್ಟೆಯಿಂದ ದೂರ ತಯಾರಿಸಿ.

ಕಾರವಾರ, ಅಂಕೋಲಾದ ಕಡಲಂಚಿನ ಬಾವಿಗಳಿಗೆ

ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಜೋರಾಗಿ ಎಳೆದಷ್ಟೂ ಕೆಳಗಿನ ಉಪ್ಪು ಮೇಲೇರುತ್ತದೆ. ಹಾಗಾಗಿ ಎರಡೂ ಫುಟ್‌ವಾಲ್ವ್ ತೀರಾ ಆಳಕ್ಕೆ ಇಳಿಸಬೇಡಿ. ಸಣ್ಣ ಪಂಪು ಹಾಕಿ, ಬಿಟ್ಟು ಬಿಟ್ಟು ಓಡಿಸಿ. ಬೇಸಿಗೆಯಲ್ಲಿ ಬಾವಿ ನೀರಿನ ರುಚಿ ನೋಡುತ್ತಿರಿ. ನಾಲಿಗೆಗೆ ಉಪ್ಪು ತಾಗಿದರೆ ಅಂದೇ ತೋಟದ ಪಂಪು ಬಂದ್ ಮಾಡಿ.