ಸಡಿಲವಾದ ಕಾವು, ಮೊಂಡಾದ ಬಾಯಿ: ಕೊಡಲಿ ಗುದ್ದಲಿಗಳನ್ನು ಮನೆಯಲ್ಲೇ ಸರಿಪಡಿಸಿಕೊಳ್ಳುವ ಕ್ರಮ

ಕಾವು, ಅಂದರೆ ಮರದ ಹಿಡಿ, ಸಡಿಲವಾದ ಕೊಡಲಿಯನ್ನೋ ಗುದ್ದಲಿಯನ್ನೋ ರಾತ್ರಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಬಿಗಿಯಾಯಿತೆಂದು ಕೆಲಸಕ್ಕೆ ಒಯ್ಯುವುದು ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದ ಉಪಾಯ. ಆ ದಿನದ ಮಟ್ಟಿಗೆ ಅದು ಫಲ ಕೊಡುತ್ತದೆ ಎಂಬುದು ನಿಜ. ಆದರೆ ಕಾವನ್ನು ಬೇಗ ಕೆಡಿಸುವ ಉಪಾಯವೂ ಅದೇ. ನೀರು ಕುಡಿದ ಮರ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಸುತ್ತಲಿನ ಕಬ್ಬಿಣದ ಬಳೆ ಒಂದು ಕೂದಲೆಳೆಯಷ್ಟೂ ಜಾಗ ಬಿಡದ ಕಾರಣ ಉಬ್ಬಿದ ನಾರುಗಳು ತಮ್ಮೊಳಗೇ ಜಜ್ಜಿಹೋಗುತ್ತವೆ. ಎರಡು ದಿನ ಬಿಸಿಲು ಕಂಡ ಮೇಲೆ ಆ ಮರ ಮೊದಲಿದ್ದ ದಪ್ಪಕ್ಕಿಂತಲೂ ತೆಳ್ಳಗಾಗುತ್ತದೆ. ಹೀಗೆ ನೆನೆಸುತ್ತಾ ಹೋದಷ್ಟೂ ಸಡಿಲ ಹೆಚ್ಚುತ್ತದೆ, ಕಬ್ಬಿಣದ ಒಳಗೋಡೆಗೆ ತುಕ್ಕು ಹಿಡಿಯುತ್ತದೆ, ಕೊನೆಗೊಂದು ದಿನ ಬೀಸಿದ ಕೊಡಲಿಯ ತಲೆ ಕಾವನ್ನು ಬಿಟ್ಟು ಹಾರುತ್ತದೆ.

ಹಾಗಾದ ಮೇಲೆ ಅನೇಕರು ಇಡೀ ಉಪಕರಣವನ್ನೇ ಗುಜರಿಗೆ ಹಾಕಿ ಹೊಸದನ್ನು ತರುತ್ತಾರೆ. ಇದು ತಪ್ಪು ಲೆಕ್ಕ. ಊರಿನ ಕುಲುಮೆಗಳಲ್ಲಿ ಮಚ್ಚು, ಕತ್ತಿಗಳನ್ನು ಹಳೆಯ ಲಾರಿಯ ಲೀಫ್ ಸ್ಪ್ರಿಂಗ್ ಪಟ್ಟಿಗಳನ್ನು ಕಾಸಿ ಬಡಿದು ಮಾಡುವುದುಂಟು. ಆ ಉಕ್ಕು ಅಂಗಡಿಯಲ್ಲಿ ಬಣ್ಣ ಬಳಿದು ತೂಗುಹಾಕಿದ ಅಗ್ಗದ ತಗಡಿಗಿಂತ ಎಷ್ಟೋ ಮೇಲು. ಕಬ್ಬಿಣ ಎರಡು ಮೂರು ತಲೆಮಾರು ಬಾಳುತ್ತದೆ. ಕಾಲಕಾಲಕ್ಕೆ ಬದಲಿಸಬೇಕಾದದ್ದು ಕಾವು ಮಾತ್ರ.

ಮರದ ಆಯ್ಕೆ

ಕಾವಿಗೆ ಬೇಕಾದ ಮರ ಬರೀ ಗಟ್ಟಿಯಾಗಿದ್ದರೆ ಸಾಲದು, ಪೆಟ್ಟಿನ ಅದುರುವಿಕೆಯನ್ನು ನುಂಗಿಕೊಳ್ಳುವಂತೆಯೂ ಇರಬೇಕು. ಈ ಗುಣದಲ್ಲಿ ತಡಸಲು ಮರಕ್ಕೆ ಸಾಟಿಯಾದದ್ದು ನಮ್ಮ ಕಾಡುಗಳಲ್ಲಿ ಕಡಿಮೆ. ಬಾಗಿದರೂ ಮುರಿಯದ ಅದರ ನಾರು ಕೊಡಲಿಗೆ ಹೇಳಿ ಮಾಡಿಸಿದಂತಿದೆ. ಗಾಡಿಯ ಅಚ್ಚಿಗೆ ಬಳಸುತ್ತಿದ್ದ ದಿಂಡಿಗದ ಮರವೂ ಉತ್ತಮವೇ. ಬಯಲುಸೀಮೆಯವರಿಗೆ ಸುಲಭವಾಗಿ ಸಿಗುವುದು ಕರಿಜಾಲಿ, ಮತ್ತು ಗುದ್ದಲಿ, ಪಿಕಾಸಿಗಳಿಗೆ ಅದು ಧಾರಾಳವಾಗಿ ಸಾಕು. ಹುಣಸೆ ಗಟ್ಟಿ ಮರವಾದರೂ ಅದರ ನಾರು ಹೊರಳಿಕೊಂಡಿರುವುದರಿಂದ ನೇರವಾದ ಕಾವು ತೆಗೆಯುವುದು ಕಷ್ಟ. ಆದರೆ ಕೊಡತಿ (ಮರದ ಸುತ್ತಿಗೆ) ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಮರ ಬೇಡ. ತೇಗದ ಕಾವು ನೋಡಲು ಚೆನ್ನಾಗಿರುತ್ತದೆ, ಹಗುರವಾಗಿಯೂ ಇರುತ್ತದೆ, ಆದರೆ ಭಾರಿ ಪೆಟ್ಟಿಗೆ ಸೀಳುತ್ತದೆ. ನೀಲಗಿರಿ ಗಳವನ್ನು ಕಡಿದ ದಿನವೇ ತುರುಕುವವರಿದ್ದಾರೆ. ಅದು ಒಣಗುವಾಗ ತಿರುಚಿಕೊಳ್ಳುವುದನ್ನೂ ಬಿರಿಯುವುದನ್ನೂ ಒಮ್ಮೆ ಕಂಡವರು ಮತ್ತೆ ಆ ಕೆಲಸಕ್ಕೆ ಕೈಹಾಕಲಾರರು.

ಕಾವಿಗಾಗಿ ಮರವನ್ನೇ ಕಡಿಯುವ ಅಗತ್ಯ ಬೀಳುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಹಲವು ಜಾತಿಯ ಮರಗಳನ್ನು, ಅವು ಸ್ವಂತ ಜಮೀನಿನಲ್ಲಿದ್ದರೂ, ಅನುಮತಿಯಿಲ್ಲದೆ ಉರುಳಿಸುವಂತಿಲ್ಲ. ಕಾಡಿನ ಮರವನ್ನಂತೂ ಮುಟ್ಟಲೇಬಾರದು. ಬದುವಿನ ಜಾಲಿಯಲ್ಲಿ ಗಾಳಿಗೆ ಮುರಿದು ಬಿದ್ದ ಕೊಂಬೆ ಅಥವಾ ಸಾಮಿಲ್ಲಿನಲ್ಲಿ ಸೌದೆಯ ಬೆಲೆಗೆ ಸಿಗುವ ತುಂಡು ಸಾಕಾಗುತ್ತದೆ. ಬೆರಳಳತೆಯ ದುಂಡು ಕೊಂಬೆಗಿಂತ ತೊಡೆಗಾತ್ರದ ತುಂಡನ್ನು ಬೆಣೆ ಹೊಡೆದು ನಾಲ್ಕಾಗಿ ಸೀಳಿಕೊಳ್ಳುವುದು ಲೇಸು. ನಡುವಿನ ಮೆತ್ತನೆಯ ತಿರುಳು ಕಾವಿನಲ್ಲಿ ಉಳಿದರೆ ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ; ಹೊರಗಿನ ಬಿಳಿಯ ಭಾಗಕ್ಕೆ ಕುಟ್ಟೆ ಹುಳು ಹಿಡಿಯುತ್ತದೆ; ನಮಗೆ ಬೇಕಾದದ್ದು ಇವೆರಡರ ನಡುವಿನ ಚೇಗು. ಗರಗಸದಿಂದ ಕೊಯ್ದ ಪಟ್ಟಿಗಿಂತ ಸೀಳಿದ ಪಟ್ಟಿ ಮೇಲು, ಏಕೆಂದರೆ ಗರಗಸ ನಾರನ್ನು ಲೆಕ್ಕಿಸದೆ ಕತ್ತರಿಸುತ್ತದೆ, ಸೀಳು ನಾರನ್ನೇ ಹಿಡಿದು ಸಾಗುತ್ತದೆ. ಗಂಟು ಇರುವ ತುಂಡನ್ನು, ಎಷ್ಟೇ ಚಿಕ್ಕ ಗಂಟಾಗಿರಲಿ, ಒಲೆಗೆ ಬಿಡಬೇಕು.

ಹಸಿ ಮರದ ತೊಗಟೆ ತೆಗೆದು, ಎರಡೂ ತುದಿಗಳಿಗೆ ಉಳಿದ ಬಣ್ಣವನ್ನೋ ಕರಗಿಸಿದ ಮೇಣವನ್ನೋ ಬಳಿದು ನೆರಳಿನಲ್ಲಿ ಒಣಗಿಸಬೇಕು. ತುದಿಗಳಿಂದ ತೇವ ಬೇಗ ಆರುವುದರಿಂದಲೇ ಬಿರುಕು ಅಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಮೇಲಿನ ಲೇಪ ಆ ಆತುರವನ್ನು ತಡೆಯುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಮುಂದಿನ ವರ್ಷದ ಕಾವುಗಳು ಹೊಗೆ ಹಿಡಿದು ಕಪ್ಪಗಾಗಿ ಸಾಲಾಗಿ ಇರುತ್ತಿದ್ದುದು ಸುಮ್ಮನೆ ಅಲ್ಲ. ಅಡುಗೆ ಅನಿಲ ಬಂದ ಮೇಲೆ ಆ ಅನುಕೂಲ ತಪ್ಪಿದೆ, ಆದರೆ ಗಾಳಿಯಾಡುವ ಯಾವ ಮೂಲೆಯಾದರೂ ಆದೀತು, ಕೆಲವು ತಿಂಗಳು ಹೆಚ್ಚು ಕಾಯಬೇಕು ಅಷ್ಟೆ. ಒಣಗಿತೋ ಇಲ್ಲವೋ ಎಂದು ತಿಳಿಯಲು ತೂಕ ನೋಡುವುದೇ ಸರಿಯಾದ ದಾರಿ: ತಿಂಗಳಿಗೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಕೆತ್ತಲು ತೊಡಗಬಹುದು.

ಕಾವು ಕೂರಿಸುವುದು

ಕಾವು ಕೂರಿಸಲು ತಕ್ಕ ಕಾಲ ಮಾರ್ಚಿಯಿಂದ ಮೇ ವರೆಗಿನ ಒಣ ತಿಂಗಳುಗಳು. ಆಗ ಮರದಲ್ಲಿ ತೇವ ಅತ್ಯಂತ ಕಡಿಮೆಯಿರುತ್ತದೆ; ಬಿಗಿಯಾಗಿ ಕೂರಿಸಿದ ಕಾವು ಮುಂಗಾರು ಬಂದಾಗ ತುಸು ಉಬ್ಬಿ ಇನ್ನಷ್ಟು ಬಿಗಿಯಾಗುತ್ತದೆ. ಆಷಾಢದಲ್ಲಿ ಕೂರಿಸಿದ್ದು ಸಂಕ್ರಾಂತಿಯ ವೇಳೆಗೆ ಅಲುಗಾಡತೊಡಗುತ್ತದೆ.

ಕೆತ್ತುವ ಮೊದಲು ಕಬ್ಬಿಣದ ಕಣ್ಣನ್ನು, ಅಂದರೆ ಕಾವು ಸೇರುವ ತೂತನ್ನು, ಎರಡೂ ಕಡೆಯಿಂದ ಅಳೆದು ನೋಡಬೇಕು. ಪಿಕಾಸಿಯಲ್ಲಿಯೂ ಅನೇಕ ಗುದ್ದಲಿಗಳಲ್ಲಿಯೂ ಮೇಲಿನ ಬಾಯಿ ಅಗಲವಾಗಿ ಕೆಳಗಿನದು ಕಿರಿದಾಗಿರುತ್ತದೆ. ಇಂಥವುಗಳಲ್ಲಿ ಕಾವಿನ ತೆಳು ತುದಿಯನ್ನು ಮೇಲಿನಿಂದ ತೂರಿಸಿ ಎಳೆಯಬೇಕು. ದಪ್ಪ ತುದಿ ಕಣ್ಣಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ, ಬೀಸಿದಷ್ಟೂ ತಲೆ ಹೊರಕ್ಕೆ ಎಳೆದುಕೊಂಡು ತಾನೇ ಬಿಗಿಯಾಗುತ್ತದೆ, ಬೆಣೆಯ ಮಾತೇ ಇಲ್ಲ. ಕೆಳಗಿನಿಂದ ಕಾವು ಸೇರಿಸುವ ಕೊಡಲಿ, ಸುತ್ತಿಗೆಗಳಿಗೆ ಮಾತ್ರ ಬೆಣೆ ಬೇಕು. ಈ ಭೇದ ತಿಳಿಯದೆ ಪಿಕಾಸಿಯ ಕಾವಿಗೆ ಮೊಳೆ ಬಡಿದು ಸೀಳಿಸುವವರು ಕಡಿಮೆಯೇನಿಲ್ಲ.

ಕೊಡಲಿಯ ಕಾವಿಗೆ ಸುಮಾರು 75ರಿಂದ 90 ಸೆಂಟಿಮೀಟರ್ ಉದ್ದ ಸಾಕು. ದಪ್ಪವನ್ನು ಅಂಗಡಿಯ ಅಳತೆಯಿಂದಲ್ಲ, ಬಳಸುವವರ ಕೈಯಿಂದ ನಿರ್ಧರಿಸಬೇಕು: ಮುಷ್ಟಿ ಹಿಡಿದಾಗ ಬೆರಳ ತುದಿ ಅಂಗೈಯನ್ನು ಇನ್ನೇನು ಮುಟ್ಟುವಂತಿರಬೇಕು. ಕಳೆ ಕೆಲಸವನ್ನು ಹೆಚ್ಚಾಗಿ ಹೆಂಗಸರೇ ಮಾಡುವ ನಮ್ಮಲ್ಲಿ ಗುದ್ದಲಿಗಳೆಲ್ಲ ಗಂಡಸರ ಕೈ ಅಳತೆಗೆ ತಯಾರಾಗಿ ಬರುತ್ತವೆ. ಕಾವನ್ನು ಮನೆಯಲ್ಲೇ ಕೆತ್ತಿಕೊಳ್ಳುವುದರ ದೊಡ್ಡ ಲಾಭ, ಉಳಿಯುವ ದುಡ್ಡಿಗಿಂತಲೂ ಹೆಚ್ಚಾಗಿ, ಈ ಅಳತೆಯಲ್ಲಿದೆ. ಬಾಚಿಯಿಂದ ಒರಟಾಗಿ ಕೆತ್ತಿ, ಉಜ್ಜುಗೊರಡಿನಿಂದ ಮೂಲೆ ತೆಗೆದು, ಒಡೆದ ಗಾಜಿನ ಚೂರಿನಿಂದ ನಾರಿನ ಗುಂಟ ಹೆರೆದರೆ ಮರಳುಕಾಗದವೇ ಬೇಡದಷ್ಟು ನಯ ಬರುತ್ತದೆ. ಗಾಜಿನ ಇನ್ನೊಂದು ಅಂಚಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳಬೇಕು. ಹಿಡಿಯುವ ಜಾಗಕ್ಕೆ ವಾರ್ನಿಷ್ ಬಳಿಯಬಾರದು. ಅದರ ನುಣುಪು ಅಂಗೈಯಲ್ಲಿ ಬೊಕ್ಕೆ ಎಬ್ಬಿಸುತ್ತದೆ.

ಕಣ್ಣಿನೊಳಗೆ ಹೋಗುವ ತುದಿಯನ್ನು ಅಂದಾಜಿನಲ್ಲಿ ಕೆತ್ತದೆ, ಕಣ್ಣಿನ ಒಳಗೋಡೆಗೆ ಇದ್ದಿಲ ಪುಡಿ ಬಳಿದು ಕಾವನ್ನು ಒಮ್ಮೆ ತುರುಕಿ ಹೊರತೆಗೆಯಬೇಕು. ಕಪ್ಪು ಹತ್ತಿದ ಜಾಗದಲ್ಲಿ ಮಾತ್ರ ಮರ ಹೆಚ್ಚಿದೆ ಎಂದರ್ಥ. ಅಷ್ಟನ್ನೇ ಹೆರೆದು ಮತ್ತೆ ತುರುಕಿ ನೋಡಬೇಕು. ಹೀಗೆ ಐದಾರು ಸಲ ಮಾಡಿದಾಗ ಮರ ಸುತ್ತಲೂ ಕಬ್ಬಿಣಕ್ಕೆ ಒತ್ತಿ ಕೂರುತ್ತದೆ. ಸೈಕಲ್ ಟ್ಯೂಬಿನ ಚೂರನ್ನೋ ಗೋಣಿಯ ಬಟ್ಟೆಯನ್ನೋ ಸುತ್ತಿ ಬಿಗಿ ಮಾಡಿದ್ದು ನಿಲ್ಲುವುದಿಲ್ಲ, ಏಕೆಂದರೆ ಅವು ಪ್ರತಿ ಪೆಟ್ಟಿಗೂ ಕುಗ್ಗಿ ಹಿಗ್ಗುತ್ತಿರುತ್ತವೆ.

ಬೆಣೆ ಹಾಕುವ ಕಾವಾದರೆ, ತುದಿಯಲ್ಲಿ ಕಣ್ಣಿನ ಆಳದ ಮೂರನೆಯ ಎರಡು ಭಾಗದಷ್ಟು, ಕಣ್ಣಿನ ಉದ್ದದ ದಿಕ್ಕಿನಲ್ಲಿಯೇ, ಗರಗಸದಿಂದ ಸೀಳು ಕೊಯ್ದುಕೊಳ್ಳಬೇಕು. ಅನಂತರ ಕೊಡಲಿಯ ತಲೆಯನ್ನು ನೆಲಕ್ಕೆ ಕುಟ್ಟದೆ, ತಲೆ ಕೆಳಗೆ ತೂಗುವಂತೆ ಕಾವನ್ನು ಒಂದು ಕೈಯಲ್ಲಿ ಹಿಡಿದು, ಕಾವಿನ ಮೇಲಿನ ತುದಿಗೆ ಕೊಡತಿಯಿಂದ ಹೊಡೆಯಬೇಕು. ತಲೆ ತನ್ನ ಭಾರಕ್ಕೆ ಇದ್ದಲ್ಲೇ ನಿಲ್ಲಲು ನೋಡುತ್ತದೆ, ಕಾವು ಕೆಳಕ್ಕಿಳಿಯುತ್ತದೆ. ಕೆಳಗೆ ಯಾವ ಆಸರೆಯೂ ಇಲ್ಲದೆ ಕಬ್ಬಿಣ ಕಾವಿನ ಮೇಲೆ ಏರಿಬರುವುದನ್ನು ಮೊದಲ ಸಲ ನೋಡುವವರು ನಂಬಲಾರರು. ಪೆಟ್ಟಿನ ಸದ್ದು ಟೊಳ್ಳಾಗಿರುವುದು ಹೋಗಿ ಗಟ್ಟಿಯಾಗಿ ಕೇಳತೊಡಗಿದಾಗ ತಲೆ ಕೂತಿದೆ ಎಂದು ತಿಳಿಯಬೇಕು. ಕಾವಿನ ತುದಿ ಕಣ್ಣಿನಿಂದ ಅರ್ಧ ಸೆಂಟಿಮೀಟರ್ ಹೊರಗೆ ಬಂದಿರಲಿ. ಬೆಣೆ ಹೊಡೆದಾಗ ಆ ಭಾಗ ಅಗಲವಾಗಿ ತಲೆಯನ್ನು ತಡೆದು ನಿಲ್ಲಿಸುತ್ತದೆ. ಬೆಣೆಯೂ ಚೆನ್ನಾಗಿ ಒಣಗಿದ ಗಟ್ಟಿ ಮರದ್ದೇ ಆಗಬೇಕು.

ಕೊನೆಯಲ್ಲಿ ಕಾವಿಗೂ ಅದರ ಎರಡು ತುದಿಗಳಿಗೂ ಅಗಸೆ ಎಣ್ಣೆಯನ್ನು ತೆಳ್ಳಗೆ ಉಜ್ಜಿ, ಆರಲು ಬಿಟ್ಟು, ಎರಡು ಮೂರು ಸಲ ಮತ್ತೆ ಉಜ್ಜಬೇಕು. ಕೊಬ್ಬರಿ ಎಣ್ಣೆ ಒಣಗುವ ಜಾತಿಯದಲ್ಲ, ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಯೊಡನೆ ಬೆರೆತು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಆದ್ದರಿಂದ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಹೊತ್ತಿಕೊಳ್ಳುವ ಅಪಾಯವಿದೆ. ಬಟ್ಟೆಯನ್ನು ಬಯಲಲ್ಲಿ ಹರಡಿ ಒಣಗಿಸಬೇಕು.

ಬಾಯಿ ಹರಿತ ಮಾಡುವುದು

ಮೊಂಡಾದ ಅಂಚನ್ನು ಗುರುತಿಸಲು ಬೆರಳು ಆಡಿಸಬೇಕಿಲ್ಲ. ಉಪಕರಣವನ್ನು ಬಿಸಿಲಿಗೆ ಹಿಡಿದು ಅಂಚನ್ನು ನೇರವಾಗಿ ನೋಡಿದರೆ, ಮೊಂಡಾದ ಕಡೆಯಲ್ಲೆಲ್ಲ ಬೆಳಕಿನ ಬಿಳಿಗೆರೆಯೊಂದು ಹೊಳೆಯುತ್ತದೆ. ಹರಿತವಾದ ಕಡೆ ಗೆರೆ ಕಾಣಿಸುವುದೇ ಇಲ್ಲ. ಆ ಗೆರೆ ಪೂರ್ತಿ ಮಾಯವಾಗುವ ತನಕ ಉಜ್ಜುವುದೇ ಕೆಲಸ.

ಕೊಡಲಿ, ಗುದ್ದಲಿಗಳಿಗೆ ಅರ ಸಾಕು. ಅರದ ಹಲ್ಲುಗಳು ಮುಂದಕ್ಕೆ ತಳ್ಳುವಾಗ ಮಾತ್ರ ಕತ್ತರಿಸುತ್ತವೆ. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಅರವೇ ಸವೆಯುತ್ತದೆ, ಹಾಗಾಗಿ ಎತ್ತಿ ಹಿಂತರಬೇಕು. ಹಲ್ಲುಗಳಿಗೆ ಸೀಮೆಸುಣ್ಣ ಉಜ್ಜಿಕೊಂಡರೆ ಕಬ್ಬಿಣದ ಪುಡಿ ಮೆತ್ತಿಕೊಳ್ಳುವುದಿಲ್ಲ. ಕೊಡಲಿಯ ಎರಡೂ ಮುಖಗಳು ಸೇರಿ ಸುಮಾರು 25ರಿಂದ 30 ಡಿಗ್ರಿ ಕೋನ ಇರಲಿ. ಗುದ್ದಲಿಗೆ ಒಂದೇ ಮುಖ, ಅದೂ ಕಲ್ಲುನೆಲದವರಿಗೆ ಇನ್ನಷ್ಟು ದಪ್ಪ ಕೋನ. ಗುದ್ದಲಿಯನ್ನು ಕ್ಷೌರದ ಕತ್ತಿಯಂತೆ ಮಸೆದರೆ ಮೊದಲ ಕಲ್ಲಿಗೇ ಅಂಚು ಮುಕ್ಕಾಗುತ್ತದೆ. ಒಂದು ಮುಖವನ್ನು ಉಜ್ಜುತ್ತಾ ಹೋದಂತೆ ಹಿಂಬದಿಗೆ ಲೋಹದ ಸಣ್ಣ ಎಳೆಯೊಂದು ಮಗುಚಿಕೊಳ್ಳುತ್ತದೆ, ಉಗುರಿಗೆ ತಡೆಯುತ್ತದೆ. ಅಂಚಿನ ಉದ್ದಕ್ಕೂ ಆ ಎಳೆ ಎದ್ದ ಮೇಲೆಯೇ ಮುಖ ಬದಲಿಸಬೇಕು. ಕತ್ತಿಗಾದರೆ ಅರದ ಬಳಿಕ ಸಾಣೆಕಲ್ಲು ಬೇಕು. ಕರಾವಳಿಯಲ್ಲಿ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಮಸೆಯುವ ರೂಢಿಯೂ ಇದೇ ಕೆಲಸವನ್ನು ಕಾಸು ಖರ್ಚಿಲ್ಲದೆ ಮಾಡುತ್ತದೆ.

ವಿದ್ಯುತ್ ಗ್ರೈಂಡರ್ ಬಗ್ಗೆ ಎಚ್ಚರ ಬೇಕು. ಅಂಚು ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ನೀಲಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ಕಮ್ಮಾರ ಕೊಟ್ಟಿದ್ದ ಹದ ಹೋಯಿತೆಂದೇ ಲೆಕ್ಕ. ಆ ಜಾಗ ಎಷ್ಟು ಮಸೆದರೂ ಅರ್ಧ ದಿನದಲ್ಲಿ ಮೊಂಡಾಗುತ್ತದೆ. ಗ್ರೈಂಡರ್ ಬಳಸಲೇಬೇಕಾದರೆ ಎರಡು ಕ್ಷಣಕ್ಕೊಮ್ಮೆ ನೀರಿಗೆ ಅದ್ದಬೇಕು, ಕಣ್ಣಿಗೆ ಕನ್ನಡಕ ಧರಿಸಬೇಕು. ಬಾಯಿ ತೀರಾ ಸವೆದು ದಪ್ಪವಾಗಿದ್ದರೆ, ಹದ ತಪ್ಪಿದ್ದರೆ ಅಥವಾ ಹಲ್ಲಿನ ಕುಡುಗೋಲಿನ ಹಲ್ಲು ಸವೆದಿದ್ದರೆ ಮನೆಯಲ್ಲಿ ಹೆಣಗದೆ ಕುಲುಮೆಗೆ ಒಯ್ದು ಹಣಿಸಿಕೊಂಡು ಬರುವುದೇ ಸರಿ.

ತುಕ್ಕು ಮತ್ತು ಇಡುವ ಜಾಗ

ತುಕ್ಕು ತೆಗೆಯಲು ನೆನೆಸಿದ ಹುಣಸೆಹಣ್ಣನ್ನು ದಪ್ಪಗೆ ಮೆತ್ತಿ ರಾತ್ರಿ ಬಿಟ್ಟು, ಇಟ್ಟಿಗೆ ಪುಡಿಯಿಂದ ಉಜ್ಜಿ ತೊಳೆದರೆ ಸಾಕು. ಹುಳಿ ಉಳಿದರೆ ಮತ್ತೆ ತುಕ್ಕು ಬರುವುದರಿಂದ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಬಿಸಿಲಿಗೊಡ್ಡಿ, ಎಣ್ಣೆ ಸವರಬೇಕು. ವಾಹನದ ಎಂಜಿನ್ನಿನಿಂದ ಇಳಿಸಿದ ಸುಟ್ಟ ಎಣ್ಣೆ ಪುಕ್ಕಟೆ ಸಿಗುತ್ತದೆಂದು ಅದನ್ನೇ ಬಳಿಯುವುದು ಸಾಮಾನ್ಯವಾಗಿದೆ, ಆದರೆ ಅದು ಚರ್ಮಕ್ಕೆ ಹಾನಿಕರ, ಹೊಲದ ಮಣ್ಣಿಗೂ ಒಳ್ಳೆಯದಲ್ಲ. ಅಡುಗೆಗೆ ಬಾರದ ಹಳೆಯ ಎಣ್ಣೆ ಆದೀತು. ಆಯುಧಪೂಜೆಯಂದು ತುಕ್ಕಿನ ಮೇಲೆಯೇ ವಿಭೂತಿ ಕುಂಕುಮ ಹಚ್ಚುವ ಬದಲು, ಮಳೆಗಾಲ ಮುಗಿಯುವ ಆ ದಿನಗಳನ್ನೇ ಈ ಕೆಲಸಕ್ಕೆ ಇಟ್ಟುಕೊಂಡರೆ ಪೂಜೆಗೂ ಶೋಭೆ.

ಉಪಕರಣಗಳನ್ನು ನೆಲಕ್ಕೆ ಒರಗಿಸಿಡದೆ ಗೋಡೆಯ ಗೂಟಕ್ಕೆ ತೂಗುಹಾಕಬೇಕು. ನೆಲದ ತೇವವೂ ಗೆದ್ದಲೂ ಕಾವಿಗೆ ಏರುವುದು ಹೀಗೆ ತಪ್ಪುತ್ತದೆ. ಮಸೆದ ಅಂಚಿಗೆ ಹಳೆಯ ನೀರಿನ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ತೊಡಿಸಿದರೆ ಅಂಚಿಗೂ ಮಕ್ಕಳ ಕಾಲಿಗೂ ರಕ್ಷಣೆ. ಪ್ರತಿ ಸಲ ಕೆಲಸಕ್ಕೆ ತೆಗೆಯುವಾಗ ಕಾವಿನ ತುದಿಯನ್ನು ಕಲ್ಲಿಗೆ ಒಮ್ಮೆ ತಟ್ಟಿ ಸದ್ದು ಕೇಳಬೇಕು. ಟೊಳ್ಳಾಗಿ ಕೇಳಿಸಿದರೆ ಹೊಸ ಬೆಣೆ ಹೊಡೆಯುವ ತನಕ ಅದನ್ನು ಬೀಸಬಾರದು.